ಮಸ್ಕಿಯವರು ತೀರಿಸಿದ ಹರಕೆ

ಲಿಂಗಸುಗೂರು
೭ ಏಪ್ರಿಲ್ ೨೦೨೫, ಸೋಮವಾರ

ಚಿರಂಜೀವಿ ಆದಪ್ಪನಿಗೆ ದಾವಲ್‌ಸಾಬ್ ಮಾಸ್ತರನ ಆಶೀರ್ವಾದ.

ನಿಮ್ಮ ಮಸ್ಕಿ ಹಾಕಿ ಸಂಘಕ್ಕೆ ಒಬ್ಬ ಸೆಂಟರ್ ಫಾರ್ವರ್ಡ್ ಬೇಕು ಎಂದು ನೀನು ಬರೆದು ಎರಡು ತಿಂಗಳಾಯಿತು. ಕಿವಿ ಪೂರ್ತಿ ಹೋದ ಮೇಲೆ ನನಗೆ ಫೋನು ಇದ್ದೂ ಇಲ್ಲದ ಹಾಗೆ, ಕಾಗದವೇ ಗತಿ. ತಡವಾಯಿತೆಂದು ಬೈಯಬೇಡ. ಹುಡುಗ ಸಿಕ್ಕಿದ್ದಾನೆ. ಮುದಗಲ್ಲಿನ ಹನುಮಂತು, ಹತ್ತೊಂಬತ್ತು ವರ್ಷ. ತಂದೆ ಇಲ್ಲ, ತಾಯಿ ಗ್ಯಾನಮ್ಮ ರೊಟ್ಟಿ ಬಡಿದು ಮಾರುತ್ತಾಳೆ. ಮೂವತ್ತೈದು ವರ್ಷ ಪಿ.ಟಿ. ಮಾಸ್ತರನಾಗಿ ಸೀಟಿ ಊದಿದವನು ಹೇಳುತ್ತಿದ್ದೇನೆ, ಇಂಥ ಕೈ ನಾನು ನೋಡಿಲ್ಲ. ಚೆಂಡು ಅವನ ಕೋಲಿಗೆ ಅಂಟಿಕೊಂಡೇ ಬರುತ್ತದೆ.

ಒಂದು ವಿಷಯ ಮೊದಲೇ ಹೇಳಬೇಕು. ಹುಡುಗನಿಗೆ ಹನ್ನೊಂದನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ ಇದೆ. ಮುದುಕರು ಮಾತ್ರೆ ನುಂಗುವ ಶುಗರ್ ಅಲ್ಲ ಇದು. ಪ್ರತಿ ಊಟಕ್ಕೆ ಮುಂಚೆ ಹೊಟ್ಟೆಗೆ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳಲೇಬೇಕು. ಎರಡು ದಿನ ತಪ್ಪಿದರೆ ಜೀವಕ್ಕೆ ಬರುತ್ತದೆ ಎಂದು ಡಾಕ್ಟರು ನನ್ನ ಎದುರಿಗೇ ಕಾಗದದ ಮೇಲೆ ಬರೆದು ತೋರಿಸಿದ್ದಾರೆ. ಸೂಜಿ ತಪ್ಪದಿದ್ದರೆ ಅವನು ಎಲ್ಲರಂತೆಯೇ ಇರುತ್ತಾನೆ, ಎಲ್ಲರಿಗಿಂತ ಜೋರಾಗಿ ಓಡುತ್ತಾನೆ. ಆದರೆ ಹೋದ ವರ್ಷ ಒಂದು ಹಾಸ್ಟೆಲ್ಲಿನವರು ಅವನ ಚೀಲದಲ್ಲಿ ಸೂಜಿ ನೋಡಿ, "ರೋಗದ ಹುಡುಗನ್ನ ಇಟ್ಕೊಂಡು ನಾಳೆ ಏನಾರ ಆದ್ರ ಯಾರು ಜವಾಬ್ದಾರಿ?" ಎಂದು ಮನೆಗೆ ಕಳಿಸಿಬಿಟ್ಟರು. ಹತ್ತು ತಿಂಗಳು ಕೋಲು ಮುಟ್ಟಲಿಲ್ಲ ಹುಡುಗ.

ನೀನು ಒಳ್ಳೆಯವನು ಆದಪ್ಪ, ನನಗೆ ಗೊತ್ತು. ಆದರೆ ನಿನ್ನ ಸಂಘದಲ್ಲಿ ಇನ್ನೂರು ಜನ ಇದ್ದಾರೆ, ಇನ್ನೂರು ಬಾಯಿ ಇವೆ. "ಮಾಸ್ತರ ರೋಗಿಷ್ಟನ್ನ ತಂದು ನಮ್ಮ ಕೊರಳಿಗೆ ಕಟ್ಯಾನ" ಅಂತ ಒಬ್ಬ ಅಂದರೆ ಸಾಕು.

ಇಲ್ಲ. ಇದನ್ನು ಕಳಿಸುವುದಿಲ್ಲ. ಬೇರೆ ಹಾಳೆ ತೆಗೆದುಕೊಳ್ಳುತ್ತೇನೆ.



ಲಿಂಗಸುಗೂರು
೭ ಏಪ್ರಿಲ್ ೨೦೨೫, ಸೋಮವಾರ

ಚಿರಂಜೀವಿ ಆದಪ್ಪನಿಗೆ ದಾವಲ್‌ಸಾಬ್ ಮಾಸ್ತರನ ಆಶೀರ್ವಾದ.

ನೀನು ಕೇಳಿದ ಸೆಂಟರ್ ಫಾರ್ವರ್ಡ್ ಸಿಕ್ಕಿದ್ದಾನೆ. ಮುದಗಲ್ಲಿನ ಹನುಮಂತು, ಹತ್ತೊಂಬತ್ತು ವರ್ಷ. ನೀನೂ ನನ್ನ ಶಿಷ್ಯನೇ, ಬೇಜಾರು ಮಾಡಿಕೊಳ್ಳಬೇಡ: ನೀವು ಹನ್ನೊಂದು ಜನ ಕೂಡಿ ಓಡಿದ್ದನ್ನು ಇವನೊಬ್ಬ ಓಡುತ್ತಾನೆ.

ಹುಡುಗನದು ಒಂದು ಹರಕೆ ಇದೆ. ಚಿಕ್ಕವನಿದ್ದಾಗ ಮುದಗಲ್ಲಿನ ಮೊಹರಂ ಹಬ್ಬದ ಆಲಂ ದೇವರಿಗೆ ಕಟ್ಟಿಕೊಂಡದ್ದು. ನೇಮ ಮೂರು. ರಾಜ್ಯದ ತಂಡಕ್ಕೆ ಆಡುವವರೆಗೂ ಸಿಹಿ ಮುಟ್ಟುವುದಿಲ್ಲ. ಪ್ರತಿ ಊಟಕ್ಕೆ ಮುಂಚೆ ಹತ್ತು ನಿಮಿಷ ಬಾಗಿಲು ಹಾಕಿಕೊಂಡು ಒಬ್ಬನೇ ಕೂಡುತ್ತಾನೆ. ಅವನ ಹತ್ತಿರ ಹಸಿರು ಬಟ್ಟೆ ಕಟ್ಟಿದ ಒಂದು ಮಣ್ಣಿನ ಗಡಿಗೆ ಇರುತ್ತದೆ, ಅದನ್ನು ಅವನ ಹೊರತು ಬೇರೆ ಯಾರೂ ಬಿಚ್ಚಬಾರದು. ಈ ಮೂರರಲ್ಲಿ ಒಂದೂ ತಪ್ಪದಂತೆ ನೋಡಿಕೊಳ್ಳುವುದು ನಿನ್ನ ಹೊಣೆ. ಊಟ ಹೊತ್ತಿಗೆ ಸರಿಯಾಗಿ ಆಗಬೇಕು. ಯಾಕೆ ಏನು ಎಂದು ಅವನನ್ನು ಕೆದಕಬೇಡಿರಿ, ನಾಚಿಕೆ ಸ್ವಭಾವ.

ಇಂತಿ,
ದಾವಲ್‌ಸಾಬ್



ಮಸ್ಕಿ
೨೧ ಏಪ್ರಿಲ್ ೨೦೨೫

ಗುರುಗಳಾದ ದಾವಲ್‌ಸಾಬ್ ಮಾಸ್ತರರ ಪಾದಕ್ಕೆ ಶಿಷ್ಯ ಆದಪ್ಪನ ನಮಸ್ಕಾರ.

ಅಬ್ಬಬ್ಬಾ, ಏನು ಹುಡುಗನನ್ನು ಕಳಿಸಿಬಿಟ್ಟಿರಿ ಮಾಸ್ತರರೇ! ಸೈಕಲ್ ಅಂಗಡಿಯ ಬಾಗಿಲು ಹಾಕಿ ಕೂತು ಬರೆಯುತ್ತಿದ್ದೇನೆ. ತೆಗೆದರೆ ಪಂಕ್ಚರ್ ಹಾಕಿಸಲು ಬಂದವರೂ ಹನುಮಂತು ಸುದ್ದಿಯನ್ನೇ ಕೇಳುತ್ತಾರೆ.

ಸ್ವಾಗತದ ದಿನ ಬಸ್ ಸ್ಟ್ಯಾಂಡಿಗೆ ಮೂರು ಟ್ರ್ಯಾಕ್ಟರ್, ಹಲಗೆ, ಬಾಜಾದವರು, ಒಂದು ಚೀಲ ಗುಲಾಲು. ಲಿಂಗಸುಗೂರು ಬಸ್ಸು ನಿಂತದ್ದೇ ತಡ, ಮೊದಲು ಇಳಿದ ಗಟ್ಟಿಮುಟ್ಟಾದ ಆಳಿಗೆ ನಮ್ಮವರು ಹಾರ ಹಾಕಿ ಹೆಗಲ ಮೇಲೆ ಎತ್ತಿಕೊಂಡು ಕುಣಿದೇ ಕುಣಿದರು. ಆತ ಜೋಳದ ವ್ಯಾಪಾರಿ. "ನಾ ಏನ್ ತಪ್ಪು ಮಾಡೀನ್ರಪಾ, ಇಳಸ್ರಿ" ಎಂದು ಬಾಯಿ ಬಾಯಿ ಬಡಿದುಕೊಂಡ. ಅಷ್ಟರಲ್ಲಿ ಕೊನೆಗೆ ಇಳಿದ ಸಣಕಲು ಹುಡುಗ, ಗಡಿಗೆಯನ್ನು ಎದೆಗೆ ಅವಚಿಕೊಂಡು ನಗುತ್ತಾ ನಿಂತಿದ್ದ. "ಕಾಕಾ, ಹನುಮಂತು ನಾನ್ರಿ" ಅಂದ. ಇಡೀ ಬಸ್ ಸ್ಟ್ಯಾಂಡು ನಕ್ಕಿತು. ಮೆರವಣಿಗೆಯಲ್ಲಿ ಗಡಿಗೆ ಹಿಡಿದುಕೊಳ್ಳುತ್ತೇವೆ ಎಂದು ಎಷ್ಟು ಜನ ಕೈ ಚಾಚಿದರೂ ಕೊಡಲಿಲ್ಲ. ಭಕ್ತಿ ಅಂದರೆ ಹೀಗಿರಬೇಕು.

ಲಿಂಗಸುಗೂರಿನವರ ಮೇಲೆ ಆಡಿದ ಮೊದಲ ಆಟದಲ್ಲಿ ನಾಲ್ಕು-ಒಂದು. ಮೂರು ಗೋಲು ಅವನವು. ನಮ್ಮ ಸೋಡಾ ಅಂಗಡಿ ಖಾದರಬಾಷಾ ಗೊತ್ತಲ್ಲ, ನಿಮ್ಮ ಕಾಲದ ಗೋಲ್‌ಕೀಪರ್? ಮೈದಾನದ ನಡುವೆ ಕೂತು ಅತ್ತುಬಿಟ್ಟ. "ಸಾಯೋದ್ರಾಗ ಮಸ್ಕಿ ಗೆಲ್ಲೋದು ನೋಡಿದೆ, ಇನ್ನ ಸಾಕು" ಅಂತ.

ಅವನ ಊಟಕ್ಕೆ ಸರದಿ ಮಾಡಿದ್ದೇವೆ. ನಲವತ್ತು ಮನೆಯವರು ಹೆಸರು ಕೊಟ್ಟಿದ್ದಾರೆ, ಇಂದು ಇವರ ಮನೆ, ನಾಳೆ ಅವರ ಮನೆ. ಊಟಕ್ಕೆ ಮುಂಚೆ ಅವನು ಒಳಗೆ ಕೂತರೆ ಮನೆಮಂದಿಯೆಲ್ಲ ಹೊರಗೆ ಕಟ್ಟೆಯ ಮೇಲೆ ಉಸಿರು ಬಿಗಿ ಹಿಡಿದು ಕಾಯುತ್ತಾರೆ. ನನ್ನ ಹೆಂಡತಿ ಯಮನಮ್ಮ ನನ್ನ ಕಡೆ ನೋಡಿ, "ಒಬ್ಬೊಬ್ರು ಗಂಗಾಳ ಕಂಡ್ರ ದೇವ್ರನ್ನೂ ಮರೀತಾರ, ಈ ಹುಡುಗನ್ನ ನೋಡಿ ಕಲೀರಿ" ಅಂದಳು. ಮಕ್ಕಳಿಲ್ಲದ ಮನೆ ನಮ್ಮದು. ಹುಡುಗ ಅವಳನ್ನು "ಅತ್ತಿ" ಎಂದು ಕರೆಯುತ್ತಾನೆ. ಅವಳು ಅಷ್ಟಕ್ಕೇ ಕರಗಿ ನೀರಾಗಿದ್ದಾಳೆ.

ನಿಮ್ಮ ಶಿಷ್ಯ,
ಆದಪ್ಪ



ಲಿಂಗಸುಗೂರು
೨೬ ಏಪ್ರಿಲ್ ೨೦೨೫

ಆದಪ್ಪನಿಗೆ ಆಶೀರ್ವಾದ.

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಆ ಜೋಳದ ವ್ಯಾಪಾರಿಯನ್ನು ನೆನೆದು ಒಬ್ಬನೇ ನಕ್ಕೆ, ಮನೆಯವರು ಹುಚ್ಚು ಹಿಡಿಯಿತೇನೋ ಎಂದು ನೋಡಿದರು.

ಮೂರು ಗೋಲಿಗೆ ಅವನನ್ನು ಹೊತ್ತು ತಿರುಗಬೇಡಿರಿ, ತಲೆ ತಿರುಗುತ್ತದೆ. ಕೋಲು ತಿರುವಿ ಹೊಡೆಯುವ ಅವನ ರಿವರ್ಸ್ ಹೊಡೆತ ಇನ್ನೂ ಹಸಿ. ಮೇ ತಿಂಗಳ ಬಿಸಿಲು ಬರುತ್ತಿದೆ, ಗಡಿಗೆಯನ್ನು ನೆರಳಲ್ಲೇ ಇಡಬೇಕು. ಸುತ್ತಿದ ಬಟ್ಟೆ ಒಣಗದಂತೆ ಎರಡು ಹೊತ್ತು ನೀರು ಚಿಮುಕಿಸಬೇಕು, ಅದೂ ನೇಮವೇ. ಸರದಿ ಊಟದ ಮನೆಗಳಲ್ಲಿ ಒತ್ತಾಯ ಮಾಡಿ ಏನನ್ನೂ ತಿನ್ನಿಸಬೇಡಿರಿ.

ಹುಡುಗ ಮೊನ್ನೆ ಲಿಂಗಸುಗೂರಿಗೆ ಬಂದಾಗ ನನ್ನ ಮನೆಗೂ ಬಂದಿದ್ದ. ಸ್ಲೇಟಿನ ಮೇಲೆ ಬರೆದು ಕೇಳಿದ: "ಹೇಳಿಬಿಡ್ಲೇನ್ರಿ ಸರ್ ಅವರಿಗೆ? ಭಾಳ ಒಳ್ಳೆಯವ್ರು ಅದಾರ." ರಿವರ್ಸ್ ಹೊಡೆತ ಇನ್ನೂ ಕೈಗೆ ಕೂತಿಲ್ಲ ಎನ್ನುವ ವಿಷಯ, ಬೇರೇನಿಲ್ಲ. ಬೇಡ ಎಂದೆ.

ದಾವಲ್‌ಸಾಬ್



ಮಸ್ಕಿ
೫ ಮೇ ೨೦೨೫

ಮಾಸ್ತರರ ಪಾದಕ್ಕೆ ಆದಪ್ಪನ ನಮಸ್ಕಾರ.

ದೊಡ್ಡ ಸುದ್ದಿ. ಹದಿನೇಳನೇ ತಾರೀಖು ಶನಿವಾರ ಸಿಂಧನೂರಿನಲ್ಲಿ ಫೈನಲ್, ನಾವು ಮತ್ತು ಸಿಂಧನೂರಿನವರು. ಆಟ ನೋಡಿ ಹುಡುಗರನ್ನು ಆರಿಸಲು ಬೆಂಗಳೂರಿನಿಂದ ಇಬ್ಬರು ಬರುತ್ತಾರಂತೆ. ಬರುವುದು ಹನುಮಂತುಗಾಗಿಯೇ ಎಂದು ನಮ್ಮವರು ಈಗಾಗಲೇ ಊರೆಲ್ಲ ಸಾರಿದ್ದಾರೆ.

ಇನ್ನೊಂದು ಮಾತು. ಮೊನ್ನೆ ಸರದಿ ನಮ್ಮ ಮನೆಯದು. ಯಮನಮ್ಮ ಹೋಳಿಗೆ ಮಾಡಿದ್ದಳು. ನೇಮ ಗೊತ್ತಿದ್ದೂ ಯಾಕೆ ಮಾಡಿದಿ ಎಂದು ಬೈದೆ. "ಮನಸ್ಸು ತಡೀಲಿಲ್ಲ" ಅಂದಳು. ಹುಡುಗ ಹೋಳಿಗೆಯನ್ನೇ ನೋಡುತ್ತ ಕೂತ. "ಬ್ಯಾಡ್ರಿ ಅತ್ತಿ" ಎಂದು ತಲೆ ತಗ್ಗಿಸಿ ಒಣ ರೊಟ್ಟಿ ತಿಂದ. ಅವತ್ತೆಲ್ಲ ಅವಳು ಊಟ ಮಾಡಲಿಲ್ಲ. "ಇಷ್ಟ್ ಸಣ್ಣ ಕೂಸಿಗೆ ಇಂಥಾ ಹರಕಿ ಯಾವ ತಾಯಿ ಕಟ್ಟಿರಬೇಕು? ಇದನ್ನ ಇಳಸಾಕ ಬರಂಗಿಲ್ಲೇನು?" ಎಂದು ಕೇಳಿದಳು.

ಸಂಘದಲ್ಲಿ ಮಾತು ತೆಗೆದೆ. ಎಲ್ಲರಿಗೂ ಅದೇ ಮನಸ್ಸಿನಲ್ಲಿತ್ತು. ಒಬ್ಬನ ಹರಕೆಯನ್ನು ಊರೇ ಹೊತ್ತು ತೀರಿಸುವ ಪದ್ಧತಿ ನಮ್ಮಲ್ಲಿ ಇದೆಯಲ್ಲ. ಫೈನಲ್‌ಗೆ ಮುಂಚೆ ಹುಡುಗನ ಹರಕೆ ನಾವೇ ತೀರಿಸಿಬಿಟ್ಟರೆ ಹಗುರಾಗಿ ಆಡುತ್ತಾನೆ. ನೀವು ಹೂಂ ಅಂದರೆ ಸಾಕು.

ಆದಪ್ಪ



ಲಿಂಗಸುಗೂರು
೮ ಮೇ ೨೦೨೫

ಆದಪ್ಪ,

ಬೇಡ. ಅಂಥ ಕೆಲಸಕ್ಕೆ ಕೈ ಹಾಕಬೇಡಿರಿ. ಈ ಹರಕೆ ಮುದಗಲ್ಲಿನಲ್ಲೇ ಇಳಿಯಬೇಕು, ಅದೂ ಮೊಹರಮ್ಮಿನಲ್ಲಿ, ಅದೂ ಹೆತ್ತ ತಾಯಿಯ ಕೈಯಿಂದ. ಬೇರೆಯವರು ಇಳಿಸಿದರೆ ನಡೆಯುವುದಿಲ್ಲ. ಮೊಹರಂ ಬರುವುದು ಜುಲೈನಲ್ಲಿ, ಅಲ್ಲಿಯವರೆಗೆ ಸುಮ್ಮನಿರಿ. ಯಮನಮ್ಮನಿಗೆ ಹೇಳು, ಹೋಳಿಗೆ ಎಲ್ಲಿಗೂ ಓಡಿ ಹೋಗುವುದಿಲ್ಲ.

ಫೈನಲ್ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡೆ. ಮೂವತ್ತೈದು ವರ್ಷದಲ್ಲಿ ನನ್ನ ಒಬ್ಬ ಹುಡುಗನೂ ಜಿಲ್ಲೆ ದಾಟಲಿಲ್ಲ. ಇವನು ದಾಟುತ್ತಾನೆ. ಒಂದು ವಾರ ಕಾದರೆ ದಾಟುತ್ತಾನೆ.

ದಾವಲ್‌ಸಾಬ್



ಮಸ್ಕಿ
೧೨ ಮೇ ೨೦೨೫

ಮಾಸ್ತರರ ಪಾದಕ್ಕೆ ಆದಪ್ಪನ ನಮಸ್ಕಾರ.

ನಿಮ್ಮ ಪತ್ರವನ್ನು ನಮ್ಮೂರ ಆಲಂ ಮಸೂತಿಯಲ್ಲಿ ದೇವರ ಸೇವೆ ಮಾಡುವ ಮುಜಾವರ ಪೀರ್‌ಸಾಬರಿಗೆ ಓದಿ ಹೇಳಿದೆ. ಎಂಬತ್ತು ವರ್ಷದ ಹಿರಿಯರು, ಅವರು ಹೇಳಿದ್ದೇ ನಮಗೆ ಪ್ರಮಾಣ. ನಕ್ಕರು. "ಮುದಗಲ್ ಆಲಂ ಬ್ಯಾರೆ, ಮಸ್ಕಿ ಆಲಂ ಬ್ಯಾರೆ ಏನಲೇ ಆದಪ್ಪ? ಅಲ್ಲಿ ಕಟ್ಟಿದ್ದು ಇಲ್ಲಿ ಬಿಚ್ಚತೈತಿ. ತಾಯಿ ಇಲ್ಲಂದ್ರ ತಾಯಿ ಸಮಾನ ಇದ್ದಾಕಿ ನಿಂತ್ರ ಸಾಕು" ಅಂದರು. ತಾಯಿ ಸಮಾನ ಯಾರು ಎಂದು ಕೇಳುವ ಮೊದಲೇ ಯಮನಮ್ಮ ಸೀರೆ ತೆಗೆದಿಟ್ಟಿದ್ದಾಳೆ.

ಬರುವ ಗುರುವಾರ ಹದಿನೈದನೇ ತಾರೀಖು, ಮಧ್ಯಾಹ್ನ ಮೂರಕ್ಕೆ. ದೇವರ ಮುಂದೆ ಸಕ್ಕರೆ ಇಟ್ಟು ಓದಿಸುವುದು, ಅದನ್ನು ಎಲ್ಲರೂ ಹುಡುಗನ ಬಾಯಿಗೆ ಹಾಕುವುದು, ಆಮೇಲೆ ಹರಕೆಯ ಗಡಿಗೆಯನ್ನು ಬಿಚ್ಚದೆ ಹಾಗೇ ಒಯ್ದು ದೊಡ್ಡ ಬಾವಿಗೆ ಬಿಡುವುದು. ಅಲ್ಲಿಗೆ ನೇಮವೆಲ್ಲ ಮುಗಿದಂತೆ. ಇನ್ನು ಅವನು ಊಟಕ್ಕೆ ಮುಂಚೆ ಒಬ್ಬನೇ ಕೂಡುವುದೂ ಬೇಡ, ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ಉಣ್ಣಲಿ.

ಹುಡುಗನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಸಂಕೋಚ ಮಾಡಿಕೊಂಡು ಬೇಡ ಅಂದಾನು. ನೀವು ಹನ್ನೆರಡರ ಬಸ್ಸಿಗೆ ಬಂದುಬಿಡಿ, ನಿಮ್ಮನ್ನು ನೋಡಿದರೆ ಅವನಿಗೆ ಆನಂದವಾದೀತು. ಖಾದರಬಾಷಾ ಬಸ್ ಸ್ಟ್ಯಾಂಡಿಗೆ ಬರುತ್ತಾನೆ.

ಆದಪ್ಪ



ಲಿಂಗಸುಗೂರು ಬಸ್ ಸ್ಟ್ಯಾಂಡ್
೧೫ ಮೇ ೨೦೨೫, ಗುರುವಾರ, ಬೆಳಿಗ್ಗೆ

ಆದಪ್ಪ,

ನಿನ್ನ ಪತ್ರ ನಿನ್ನೆ ಸಂಜೆ ಸಿಕ್ಕಿತು. ಹರಕೆ ಇಲ್ಲ. ಹರಕೆ ನಾನು ಹುಟ್ಟಿಸಿದ್ದು. ಹುಡುಗನಿಗೆ ಸಕ್ಕರೆ ಕಾಯಿಲೆ ಇದೆ. ಗಡಿಗೆಯಲ್ಲಿ ಇರುವುದು ಇನ್ಸುಲಿನ್ ಸೀಸೆ ಮತ್ತು ಸೂಜಿ, ತಂಪಿರಲೆಂದು ಹಸಿ ಬಟ್ಟೆ. ಒಬ್ಬನೇ ಕೂಡುವುದು ಚುಚ್ಚಿಕೊಳ್ಳಲು. ಅದು ತಪ್ಪಿದರೆ ಹುಡುಗ ಉಳಿಯುವುದಿಲ್ಲ. ಗಡಿಗೆ ಬಾವಿಗೆ ಬಿಡಬೇಡಿರಿ. ಸಕ್ಕರೆ ತಿನ್ನಿಸಬೇಡಿರಿ.

ಮಸ್ಕಿಗೆ ಒಂದು ತಾಸಿನ ದಾರಿ. ಎಂಟರಿಂದ ಇಲ್ಲಿ ಕೂತಿದ್ದೇನೆ. ಎರಡು ಬಸ್ಸು ಬಿಟ್ಟೆ. ದೇವರ ಹೆಸರಿನಲ್ಲಿ ಸುಳ್ಳು ಹೇಳಿದವನು ಪೀರ್‌ಸಾಬರ ಮುಂದೆ, ಇನ್ನೂರು ಜನರ ಮುಂದೆ ನಿಂತು ಏನೆಂದು ಹೇಳಲಿ? ನಾಳೆ ಬೆಂಗಳೂರಿನವರ ಕಿವಿಗೂ ಬಿದ್ದರೆ ಹುಡುಗನ ಗತಿ? ಇದನ್ನು ಇಲ್ಲಿಯೇ ಅಂಚೆ ಡಬ್ಬಿಗೆ ಹಾಕುತ್ತಿದ್ದೇನೆ. ಹುಡುಗ ಜಾಣ. ಹೇಗೋ ಮಾಡಿ ಸೀಸೆ ತೆಗೆದಿಟ್ಟುಕೊಂಡಿರುತ್ತಾನೆ. ಇಲ್ಲವೇ ತಾನೇ ಬಾಯಿ ಬಿಡುತ್ತಾನೆ.

ದಾವಲ್‌ಸಾಬ್



ಸಿಂಧನೂರು
೧೬ ಮೇ ೨೦೨೫, ಶುಕ್ರವಾರ

ಮಾಸ್ತರರ ಪಾದಕ್ಕೆ ಆದಪ್ಪನ ನಮಸ್ಕಾರ.

ಖಾದರಬಾಷಾ ಎರಡು ಬಸ್ಸು ನೋಡಿ ಒಬ್ಬನೇ ತಿರುಗಿ ಬಂದ. ನೀವು ಬರಲಿಲ್ಲ. ಮೈಗೆ ಹುಷಾರಿಲ್ಲವೇನೋ ಎಂದುಕೊಂಡೆವು. ನೀವು ನೋಡಬೇಕಿತ್ತು ಮಾಸ್ತರರೇ, ಅಂಥ ದಿನ ಮಸ್ಕಿಯಲ್ಲಿ ಆಗಿಲ್ಲ.

ಹುಡುಗ ಮೈದಾನದಿಂದ ಬರುವ ಹೊತ್ತಿಗೆ ಮಸೂತಿಯ ಮುಂದೆ ಜನ ಕಿಕ್ಕಿರಿದು ನಿಂತಿದ್ದರು. ಗಡಿಗೆಗೆ ಹಾರ ಹಾಕಿ ಯಮನಮ್ಮನ ತಲೆಯ ಮೇಲೆ ಇಟ್ಟಿದ್ದೆವು. ಅವನಿಗೆ ಮೊದಲು ಏನೂ ತಿಳಿಯಲೇ ಇಲ್ಲ. ತಿಳಿದ ಮೇಲೆ ಓಡಿ ಬಂದು, "ಅತ್ತಿ, ಒಂದೀಟು ತಡೀರಿ, ಒಂದ ಸಲ ಬಿಚ್ಚಿ ನೋಡ್ತೀನಿ" ಅಂದ. ಪೀರ್‌ಸಾಬರು ಅವನ ಕೈ ಹಿಡಿದು, "ಬಿಚ್ಚಬಾರದಪ ಬೇಟಾ, ಬಿಚ್ಚಿದ್ರ ಹರಕಿ ಮತ್ತ ಹತ್ತತೈತಿ. ಮನಸಿನ್ಯಾಗ ಏನೈತಿ ಹೇಳಿಬಿಡು, ನಾ ದೇವ್ರಿಗೆ ಹೇಳ್ತೀನಿ" ಅಂದರು. ಹುಡುಗ ಎಲ್ಲರ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದ, ಹೇಳಲಿಲ್ಲ. ಕಣ್ಣಲ್ಲಿ ನೀರು ಇಳಿಯಿತು. ಇಷ್ಟು ವರ್ಷದ ನೇಮ ಬಿಡುವುದೆಂದರೆ ಸುಮ್ಮನೇ ಅಲ್ಲ ನೋಡಿ. ನಾವೂ ಅತ್ತೆವು.

ಇನ್ನೂರು ಜನ ಒಬ್ಬೊಬ್ಬರಾಗಿ ಅವನ ಬಾಯಿಗೆ ಚಿಟಿಕೆ ಚಿಟಿಕೆ ಸಕ್ಕರೆ ಹಾಕಿದರು. ಒಬ್ಬರಿಗೂ ಬೇಡ ಅನ್ನಲಿಲ್ಲ ಪುಣ್ಯಾತ್ಮ. ಕೊನೆಗೆ ಯಮನಮ್ಮ ಹೋಳಿಗೆ ಮುರಿದು ತುತ್ತು ಕೊಟ್ಟಳು. ಹಲಗೆ ಬಾರಿಸುತ್ತ ಬಾವಿಗೆ ಹೋಗಿ ಅವಳೇ ಗಡಿಗೆ ಬಿಟ್ಟಳು. ಗುಳುಂ ಎಂದು ಮುಳುಗಿತು. ಹುಡುಗ ಬಾವಿಯ ಕಟ್ಟೆ ಹಿಡಿದು ಬಹಳ ಹೊತ್ತು ನೋಡುತ್ತ ನಿಂತಿದ್ದ.

ಅಲ್ಲಿಂದ ನೇರ ಸಿಂಧನೂರಿಗೆ ಬಂದೆವು. ಖಾದರಬಾಷಾನ ತಮ್ಮ ಹುಸೇನಬಾಷಾನ ಮನೆಯಲ್ಲಿ ಇದ್ದೇವೆ, ಇಪ್ಪತ್ತು ಜನ ಒಂದೇ ಪಡಸಾಲೆಯಲ್ಲಿ. ಹುಡುಗನನ್ನು ಒಂದು ಕ್ಷಣ ಒಬ್ಬನೇ ಬಿಟ್ಟಿಲ್ಲ. ಇವತ್ತು ಸ್ವಲ್ಪ ಮಂಕಾಗಿದ್ದಾನೆ, ಬಿಂದಿಗೆಗಟ್ಟಲೆ ನೀರು ಕುಡಿಯುತ್ತಾನೆ. ಬಿಸಿಲು ಹಾಗಿದೆ. ಮೆಡಿಕಲ್ ಶಾಪಿಗೆ ಹೋಗಿ ಬರುತ್ತೇನೆ ಅಂದ. ನಾಳೆ ಆಡುವ ಹುಡುಗ ಉರಿಬಿಸಿಲಲ್ಲಿ ಅಲೆಯಬೇಕೇ? "ಏನ್ ಬೇಕು ಹೇಳೋ, ನಾವು ತರ್ತೀವಿ" ಅಂದೆವು. "ತಲಿ ನೋವಿನ ಗುಳಿಗಿ" ಅಂದ. ತಂದುಕೊಟ್ಟೆವು.

ಗೆದ್ದು ಬಂದು ಬರೆಯುತ್ತೇನೆ.

ನಿಮ್ಮ ಶಿಷ್ಯ,
ಆದಪ್ಪ



ಮಸ್ಕಿ
೨೪ ಮೇ ೨೦೨೫

ಮಾಸ್ತರರೇ,

ನಿಮ್ಮ ಹದಿನೈದನೇ ತಾರೀಖಿನ ಪತ್ರ ಶನಿವಾರ ನನ್ನ ಅಂಗಡಿಯ ಬಾಗಿಲ ಸಂದಿಯಲ್ಲಿ ಬಿದ್ದಿತ್ತು. ಆ ಹೊತ್ತಿಗೆ ನಾವು ಸಿಂಧನೂರಿನ ಮೈದಾನದಲ್ಲಿದ್ದೆವು. ನಾನು ಅದನ್ನು ಓದಿದ್ದು ಹುಡುಗನನ್ನು ಮಣ್ಣು ಮಾಡಿ ಬಂದ ಮೇಲೆ.

ನಡೆದದ್ದನ್ನು ಬರೆಯುತ್ತೇನೆ, ಕುಳಿತು ಓದಿರಿ. ಶನಿವಾರ ಬೆಳಿಗ್ಗೆ ಎರಡು ಸಲ ವಾಂತಿ ಮಾಡಿಕೊಂಡ. ಆಡುವುದು ಬೇಡ ಎಂದು ನಾನೇ ಹೇಳಿದೆ. "ಇದೊಂದ ಮ್ಯಾಚ್ ಕಾಕಾ, ಮುಗಿಸಿ ಅವ್ವನ ಕಡೆ ಹೋಗ್ತೀನಿ" ಅಂದ. ಮೊದಲರ್ಧದಲ್ಲಿ ಎರಡು ಗೋಲು ಹೊಡೆದ. ಹೇಗೆ ಹೊಡೆದನೋ ನನಗೆ ಇವತ್ತಿಗೂ ತಿಳಿಯದು. ಬೆಂಗಳೂರಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ವಿರಾಮದಲ್ಲಿ ಬಂದು ನೆಲಕ್ಕೆ ಕುಸಿದ. ಉಸಿರು ಜೋರು ಜೋರಾಗಿ ಎಳೆಯುತ್ತಿದ್ದ. ಬಿಸಿಲು ಬಡಿದಿದೆ ಎಂದುಕೊಂಡೆವು. ಖಾದರಬಾಷಾ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರಿಗೆ ಗ್ಲೂಕೋಸ್ ಪುಡಿ ಕಲಸಿ ಕುಡಿಸಿದ. ಒಂದಲ್ಲ, ನಾಲ್ಕು ಪ್ಯಾಕೆಟ್. "ಕುಡಿ ಬೇಟಾ, ತಾಕತ್ ಬರತೈತಿ" ಎನ್ನುತ್ತ ಗುಟುಕು ಗುಟುಕಾಗಿ ಕುಡಿಸಿದ. ಹುಡುಗ ಅದನ್ನೂ ಬೇಡ ಅನ್ನಲಿಲ್ಲ.

ಸಿಂಧನೂರಿನ ಆಸ್ಪತ್ರೆಯಲ್ಲಿ ರಕ್ತ ನೋಡಿ ಶುಗರ್ ಆರುನೂರು ದಾಟಿದೆ ಎಂದು ನನಗೊಬ್ಬನಿಗೆ ಹೇಳಿದರು, ಅದರ ಅರ್ಥ ನನಗೆ ಹತ್ತಲಿಲ್ಲ. ಅಲ್ಲಿಂದ ಗಾಡಿಯಲ್ಲಿ ರಾಯಚೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಭಾನುವಾರ ಗ್ಯಾನಮ್ಮ ಬಂದಳು. ಬಂದವಳೇ ನನ್ನ ಕೈ ಹಿಡಿದು, "ಸೂಜಿ ತಗೊಂಡಾನಿಲ್ರಿ ಅಣ್ಣಾ?" ಎಂದು ಕೇಳಿದಳು. "ಯಾ ಸೂಜಿ ಅವ್ವಾ?" ಎಂದೆ. ನನ್ನ ಮುಖವನ್ನೇ ನೋಡಿದಳು. "ಮಾಸ್ತರು ಎಲ್ಲಾ ಹೇಳೀನಿ ಅಂದಿದ್ರಲ್ರಿ ನಿಮಗ" ಅಂದಳು. ಆಮೇಲೆ ಅವಳು ಗೋಡೆಗೆ ತಲೆ ಬಡಿದುಕೊಂಡದ್ದನ್ನು ನಾನು ಬರೆಯಲಾರೆ. ಸೋಮವಾರ ಬೆಳಿಗ್ಗೆ ಹುಡುಗ ಹೋದ.

ಒಂದು ತಾಸಿನ ದಾರಿ ಮಾಸ್ತರರೇ. ಯಾರಿಂದಲಾದರೂ ಒಂದು ಫೋನು ಮಾಡಿಸಿದ್ದರೂ ಸಾಕಿತ್ತು. ಆ ಚೀಟಿಯನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟಿದ್ದರೂ ಹತ್ತು ಗಂಟೆಗೆ ನನಗೆ ಮುಟ್ಟುತ್ತಿತ್ತು. ಸಂತೆಗೆ ಬರುವ ಕಾಯಿಪಲ್ಲೆಯವಳ ಕೈಗೆ ಕೊಟ್ಟಿದ್ದರೂ ಮುಟ್ಟುತ್ತಿತ್ತು. ನೀವು ಅಂಚೆ ಡಬ್ಬಿ ಹುಡುಕಿದಿರಿ.

ಊರಿನಲ್ಲಿ ಯಾರಿಗೂ ನಿಜ ಗೊತ್ತಿಲ್ಲ. ಹರಕೆ ಅರ್ಧಕ್ಕೆ ಮುರಿದದ್ದಕ್ಕೆ ಆಲಂ ದೇವರು ಮುನಿದು ಹುಡುಗನನ್ನು ಕರೆದುಕೊಂಡ ಎಂದು ಮಾತಾಡುತ್ತಾರೆ. ಪೀರ್‌ಸಾಬರು ಮಸೂತಿಯ ಬಾಗಿಲು ಹಾಕಿಕೊಂಡು ಅನ್ನ ನೀರು ಬಿಟ್ಟಿದ್ದಾರೆ. ಯಮನಮ್ಮ ಮಾತಾಡುವುದಿಲ್ಲ. ಗಡಿಗೆ ಬಿಟ್ಟ ಕೈ ಎಂದು ಆ ಕೈಯಿಂದ ಊಟ ಮಾಡುವುದನ್ನೂ ಬಿಟ್ಟಿದ್ದಾಳೆ. ಆಲಂ ದೇವರಲ್ಲಿ ತಪ್ಪಾಯಿತು ಎಂದು ಕೇಳಿಕೊಳ್ಳಲು ಮೊನ್ನೆ ಬರಿಗಾಲಲ್ಲಿ ಮುದಗಲ್ಲಿಗೆ ನಡೆದಳು. ನಾನು ಹಿಂದೆ ಹಿಂದೆ ನಡೆದೆ, ನಿಜ ಹೇಳಲು ನಾಲಿಗೆ ಏಳಲಿಲ್ಲ.

ಬಂದು ನೀವೇ ಹೇಳಿರಿ. ಇಷ್ಟಾದರೂ ಮಾಡಿರಿ.

ಆದಪ್ಪ



ಲಿಂಗಸುಗೂರು
೨೯ ಮೇ ೨೦೨೫

ಆದಪ್ಪನಿಗೆ,

ಆಶೀರ್ವಾದ ಎಂದು ಬರೆಯಲು ಕೈ ಬರಲಿಲ್ಲ.

ಮೂರು ದಿನದಿಂದ ನಿನ್ನ ಪತ್ರ ಮುಂದಿಟ್ಟುಕೊಂಡಿದ್ದೇನೆ. ತಪ್ಪು ನನ್ನದು. ಅದರಲ್ಲಿ ಎರಡು ಮಾತಿಲ್ಲ. ಒಂದು ಸುಳ್ಳು ಹುಡುಗನನ್ನು ಮೈದಾನಕ್ಕೆ ಮುಟ್ಟಿಸಿದರೆ ಸಾಕು, ಆಮೇಲೆ ಅವನ ಆಟವೇ ಎಲ್ಲರ ಬಾಯಿ ಮುಚ್ಚಿಸುತ್ತದೆ ಎಂದು ತಿಳಿದಿದ್ದೆ. ನನ್ನ ಕೈಯ ಹುಡುಗ ಎಂದು ಹೇಳಿಕೊಳ್ಳುವ ಆಸೆಯೂ ಇತ್ತು. ಸುಳ್ಳೇಕೆ ಹೇಳಲಿ, ಅದೇ ಹೆಚ್ಚು ಇತ್ತು.

ಆದರೂ ಒಂದು ಬೇಡಿಕೊಳ್ಳುತ್ತೇನೆ. ಊರಿಗೆ ಹೇಳಬೇಡ. ಹೇಳಿದರೆ ಹುಡುಗ ತಿರುಗಿ ಬರುತ್ತಾನೆಯೇ? ನಿಜ ತಿಳಿದರೆ ಯಮನಮ್ಮನ ಸಂಕಟ ಹೆಚ್ಚೇ ಆಗುತ್ತದೆ, ಖಾದರಬಾಷಾ ಆ ನಾಲ್ಕು ಪ್ಯಾಕೆಟ್ ನೆನೆದು ಬದುಕಿಯಾನೇ? ದೇವರ ಮುನಿಸು ಎಂದೇ ಇರಲಿ. ದೇವರಿಗೆ ಎಂಥ ಆಪಾದನೆಯನ್ನಾದರೂ ಹೊರುವ ಶಕ್ತಿ ಇದೆ, ನನಗಿಲ್ಲ. ಇಲ್ಲಿ ಈಗಲೂ ಮಕ್ಕಳು ದಾರಿಯಲ್ಲಿ ಮಾಸ್ತರರೇ ಎಂದು ನಿಂತು ನಮಸ್ಕಾರ ಮಾಡುತ್ತಾರೆ.

ಕೊನೆಗೆ ಹುಡುಗ ಏನಾದರೂ ಮಾತಾಡಿದನೇ? ನನ್ನನ್ನು ಕೇಳಿದನೇ? ಬೈದಿದ್ದರೂ ಬರೆ.

ದಾವಲ್‌ಸಾಬ್



ಮಸ್ಕಿ
೩ ಜೂನ್ ೨೦೨೫

ಮಾಸ್ತರರೇ,

ಭಾನುವಾರ ಸಂಜೆ ಸಂಘದವರನ್ನೆಲ್ಲ ಮೈದಾನಕ್ಕೆ ಕರೆದೆ. ಮುದಗಲ್ಲಿನಿಂದ ಗ್ಯಾನಮ್ಮನನ್ನೂ ಕರೆಸಿದ್ದೆ. ಏಪ್ರಿಲ್‌ನಿಂದ ನೀವು ಬರೆದ ಪತ್ರಗಳನ್ನೆಲ್ಲ ನಿಂತು ಓದಿದೆ, ಊರಿಗೆ ಹೇಳಬೇಡ ಎಂದು ಬರೆದದ್ದನ್ನೂ ಬಿಡಲಿಲ್ಲ. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

ಖಾದರಬಾಷಾ ತನ್ನ ಎರಡೂ ಕೈ ನೋಡಿಕೊಳ್ಳುತ್ತ ಕೂತುಬಿಟ್ಟ. ಪೀರ್‌ಸಾಬರು, "ನಾ ಬಿಚ್ಚಬ್ಯಾಡ ಅಂದಿದ್ನಲ್ಲೋ" ಎಂದಷ್ಟೇ ಅಂದರು. ಯಮನಮ್ಮ ಎದ್ದು ಗ್ಯಾನಮ್ಮನ ಕಾಲಿಗೆ ಬಿದ್ದಳು. ಗ್ಯಾನಮ್ಮ ಅವಳನ್ನು ಎಬ್ಬಿಸಿ, "ನಿಮಗ ಗೊತ್ತಿದ್ರ ಕೈಯಾರೆ ಸೂಜಿ ಚುಚ್ಚತಿದ್ರಿ ತಂಗಿ" ಅಂದಳು. ಹಿಂದಿನ ಸಾಲಿನಿಂದ ಒಬ್ಬ, "ಶುಗರ್ ಐತಿ ಅಂತ ಹೇಳಿದ್ರ ನಾವು ಬ್ಯಾಡ ಅಂತಿದ್ವಾ?" ಎಂದು ಕೇಳಿದ. ನನಗೆ ಗೊತ್ತಿಲ್ಲ ಮಾಸ್ತರರೇ. ಅಂತಿದ್ದೆವೋ ಏನೋ. ಅದನ್ನು ತಿಳಿಯುವ ದಾರಿಯನ್ನೂ ನೀವು ಉಳಿಸಲಿಲ್ಲ.

ಯಮನಮ್ಮ ಈಗ ಊಟ ಮಾಡುತ್ತಾಳೆ, ಅಳುತ್ತಾಳೆ. ಸುಮ್ಮನಿದ್ದದ್ದಕ್ಕಿಂತ ಇದು ಒಳ್ಳೆಯದು.

ನೀವು ಕೇಳಿದ್ದಕ್ಕೆ ಉತ್ತರ. ಮಾತಾಡಿದ. ಅವತ್ತು ನನಗೆ ಅದು ಅರ್ಥವಾಗಿರಲಿಲ್ಲ; ಅರ್ಥವಾದ ಮೇಲೆ ನಿಮಗೆ ಮುಟ್ಟಿಸಬಾರದು ಎಂದುಕೊಂಡಿದ್ದೆ. ಆದರೆ ಸತ್ತವನು ಹೇಳಿಕಳಿಸಿದ ಮಾತನ್ನು ಇಟ್ಟುಕೊಳ್ಳುವ ಹಕ್ಕು ನನಗಿಲ್ಲ. ಸಿಂಧನೂರಿನಿಂದ ರಾಯಚೂರಿಗೆ ಹೋಗುವಾಗ ಗಾಡಿಯಲ್ಲಿ ಒಂದು ಸಲ ಕಣ್ಣು ತೆರೆದ. ನನ್ನ ಅಂಗಿ ಹಿಡಿದು ಎಳೆದು, "ಕಾಕಾ, ಮಾಸ್ತರಿಗೆ ಹೇಳ್ರಿ, ನಾ ಯಾರ ಮುಂದೂ ಹೇಳಿಲ್ಲ ಅಂತ" ಅಂದ. ಏನು ಹೇಳಿಲ್ಲ ಹನುಮಂತು ಎಂದು ಕೇಳಿದೆ. ನಕ್ಕು ತಲೆ ಅಲ್ಲಾಡಿಸಿದ. ನನಗೂ ಹೇಳಲಿಲ್ಲ.

ಆದಪ್ಪ